ಮೂಗಿಗೆ ಮೇಣ ತುಂಬಿಸಿಕೊಂಡ ಚೆಲುವೆ: ಡಚೆಸ್ ಗ್ಲ್ಯಾಡಿಸ್ ಡೀಕನ್ ಬದುಕಿನ ಕಥೆ

1903ರಲ್ಲಿ ಪ್ಯಾರಿಸ್‌ನಲ್ಲಿ 22 ವರ್ಷದ ಯುವತಿಯೊಬ್ಬಳು ತನ್ನ ಎರಡು ಹುಬ್ಬುಗಳ ನಡುವೆ, ಮೂಗು ಶುರುವಾಗುವ ಜಾಗಕ್ಕೆ ಪ್ಯಾರಫಿನ್ ಮೇಣದ ಇಂಜೆಕ್ಷನ್ ಹಾಕಿಸಿಕೊಂಡಳು. ಅವಳ ಮೂಗಿಗೆ ಪೆಟ್ಟು ಬಿದ್ದಿರಲಿಲ್ಲ, ಯಾವ ರೋಗವೂ ತಗುಲಿರಲಿಲ್ಲ. ಯುರೋಪಿನ ಅತಿ ಸುಂದರ ಹೆಣ್ಣುಗಳಲ್ಲಿ ಒಬ್ಬಳೆಂದು ಆಗಲೇ ಹೆಸರಾಗಿದ್ದವಳು ಅವಳು. ಹಣೆಯಿಂದ ಮೂಗಿಗೆ ಇಳಿಯುವಲ್ಲಿ ಇದ್ದ ಸಣ್ಣ ತಗ್ಗೊಂದು ಅವಳ ಕಣ್ಣಿಗೆ ಸರಿಬರಲಿಲ್ಲ, ಅಷ್ಟೇ. ಅವಳು ಬದುಕಿದ್ದು 96 ವರ್ಷ. ಅದರಲ್ಲಿ 74 ವರ್ಷ ಆ ಇಂಜೆಕ್ಷನ್ನಿನ ಫಲವನ್ನು ಮುಖದ ಮೇಲೆ ಹೊತ್ತುಕೊಂಡೇ ಇದ್ದಳು.

ಅವಳ ಹೆಸರು ಗ್ಲ್ಯಾಡಿಸ್ ಡೀಕನ್. ಮುಂದೆ ಇಂಗ್ಲೆಂಡಿನ ಮಾರ್ಲ್‌ಬರೊ ಮನೆತನದ ಡಚೆಸ್ ಆಗಿ, ವಿನ್‌ಸ್ಟನ್ ಚರ್ಚಿಲ್ ಹುಟ್ಟಿದ ಬ್ಲೆನಿಮ್ ಅರಮನೆಯ ಒಡತಿಯಾದವಳು.

ಗ್ಲ್ಯಾಡಿಸ್ ಹುಟ್ಟಿದ್ದು 1881ರ ಫೆಬ್ರವರಿ 7ರಂದು, ಪ್ಯಾರಿಸ್‌ನಲ್ಲಿ. ತಂದೆ ಎಡ್ವರ್ಡ್ ಪಾರ್ಕರ್ ಡೀಕನ್, ತಾಯಿ ಫ್ಲಾರೆನ್ಸ್, ಇಬ್ಬರೂ ಹಣವಂತ ಅಮೆರಿಕನ್ನರು. ತಾಯಿ ಕೂಡ ಹೆಸರಾಂತ ಸುಂದರಿಯೇ. 1892ರ ಫೆಬ್ರವರಿಯಲ್ಲಿ, ಗ್ಲ್ಯಾಡಿಸ್‌ಗೆ ಹನ್ನೊಂದು ತುಂಬಿದ ಕೆಲವೇ ದಿನಗಳಲ್ಲಿ, ಫ್ರಾನ್ಸಿನ ಕಾನ್ ಪಟ್ಟಣದ ಹೋಟೆಲೊಂದರಲ್ಲಿ ತಂದೆ ತನ್ನ ಹೆಂಡತಿಯ ಪ್ರಿಯಕರ ಎಮಿಲ್ ಅಬೇಯ್ ಎಂಬಾತನಿಗೆ ಗುಂಡು ಹಾರಿಸಿದ. ಆತ ಸತ್ತ. ಅಟ್ಲಾಂಟಿಕ್‌ನ ಎರಡೂ ದಡದ ಪತ್ರಿಕೆಗಳು ಆ ಮನೆಯ ಗುಟ್ಟನ್ನೆಲ್ಲ ಬಯಲಿಗೆಳೆದವು. ತಂದೆಗೆ ಒಂದು ವರ್ಷದ ಶಿಕ್ಷೆಯಾಯಿತು, ಅವಧಿ ಮುಗಿಯುವ ಮೊದಲೇ ಕ್ಷಮೆಯೂ ಸಿಕ್ಕಿತು. ಆಮೇಲೆ ವಿಚ್ಛೇದನ, ಮಕ್ಕಳಿಗಾಗಿ ಜಗ್ಗಾಟ. ಹೆಣ್ಣುಮಕ್ಕಳು ಕಾನ್ವೆಂಟ್, ಅಮೆರಿಕ, ಮತ್ತೆ ಯುರೋಪ್ ಎಂದು ಅಲೆದರು. ತಂದೆ 1901ರಲ್ಲಿ ಅಮೆರಿಕದ ಮನೋರೋಗ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಗ್ಲ್ಯಾಡಿಸ್ ಕಥೆ ಹೇಳುವವರು ನೇರವಾಗಿ ಮೇಣಕ್ಕೆ ಹಾರಿಬಿಡುತ್ತಾರೆ. ಹೆಣ್ಣಿನ ಚೆಲುವನ್ನೇ ಬಂಡವಾಳವಾಗಿಯೂ ಗಂಡಾಂತರವಾಗಿಯೂ ಕಂಡ ಮನೆಯಲ್ಲಿ ಬೆಳೆದವಳು ಅವಳು ಎಂಬುದನ್ನು ಮರೆಯುತ್ತಾರೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳು ಒಂದು ಸುದ್ದಿ ಓದಿದಳು. ಒಂಬತ್ತನೆಯ ಮಾರ್ಲ್‌ಬರೊ ಡ್ಯೂಕ್ ಚಾರ್ಲ್ಸ್ ಸ್ಪೆನ್ಸರ್-ಚರ್ಚಿಲ್, ಅಮೆರಿಕದ ಕುಬೇರರ ಮಗಳು ಕಾನ್ಸುವೆಲೊ ವ್ಯಾಂಡರ್ಬಿಲ್ಟ್‌ಳನ್ನು ಮದುವೆಯಾಗಲಿದ್ದಾನೆ ಎಂಬ ಸುದ್ದಿ ಅದು. ತನಗಿನ್ನೂ ವಯಸ್ಸಾಗಿಲ್ಲವಲ್ಲ, ಇಲ್ಲದಿದ್ದರೆ ಆ ಡ್ಯೂಕ್‌ನನ್ನು ತಾನೇ ಕಟ್ಟಿಕೊಳ್ಳಬಹುದಿತ್ತು ಎಂಬ ಅರ್ಥದಲ್ಲಿ ತಾಯಿಗೆ ಕಾಗದ ಬರೆದಳು. ಹುಡುಗಾಟದ ಮಾತು ಎಂದು ನಕ್ಕುಬಿಡಬಹುದು. ಆದರೆ ಇಪ್ಪತ್ತಾರು ವರ್ಷಗಳ ನಂತರ ಅದೇ ಡ್ಯೂಕ್‌ನ ಕೈಹಿಡಿದಳು.

ಇಪ್ಪತ್ತರ ಹೊಸ್ತಿಲಲ್ಲಿ ಗ್ಲ್ಯಾಡಿಸ್ ಪ್ಯಾರಿಸ್‌ನ ಮಾತಾಗಿದ್ದಳು. ದೊಡ್ಡ ನೀಲಿ ಕಣ್ಣುಗಳು, ಹರಿತವಾದ ಮಾತು, ಹಲವು ಭಾಷೆಗಳ ಓದು. ಲೇಖಕ ಮಾರ್ಸೆಲ್ ಪ್ರೂಸ್ಟ್ ಅವಳ ಚೆಲುವು ಮತ್ತು ಬುದ್ಧಿ ಎರಡಕ್ಕೂ ಬೆರಗಾದ. ಶಿಲ್ಪಿ ರೋಡಿನ್, ಚಿತ್ರಕಾರ ಮೊನೆ ಅವಳ ಸ್ನೇಹಿತರ ಪಟ್ಟಿಯಲ್ಲಿದ್ದರು. ಬೋಲ್ದಿನಿ ಅವಳ ಚಿತ್ರ ಬರೆದ, ಎಪ್‌ಸ್ಟೈನ್ ಅವಳ ಮುಖವನ್ನು ಕಡೆದ. ಕಲಾ ವಿಮರ್ಶಕ ಬರ್ನಾರ್ಡ್ ಬೆರೆನ್ಸನ್ ಮತ್ತು ಅವನ ಹೆಂಡತಿ ಇಬ್ಬರೂ ಅವಳಿಗೆ ಮಾರುಹೋಗಿದ್ದರು. 1901ರಲ್ಲಿ ಬ್ಲೆನಿಮ್ ಅರಮನೆಗೆ ಬಂದ ಜರ್ಮನಿಯ ಯುವರಾಜ ಅವಳಿಗೆ ಉಂಗುರವನ್ನೇ ಕೊಟ್ಟುಬಿಟ್ಟ. ಅಪ್ಪ ಕೈಸರ್ ಕೆಂಡವಾಗಿ ಅದನ್ನು ವಾಪಸ್ ತರಿಸಿಕೊಳ್ಳಬೇಕಾಯಿತು.

ಇಷ್ಟೆಲ್ಲ ಇದ್ದೂ ಅವಳಿಗೆ ಸಮಾಧಾನವಿರಲಿಲ್ಲ. ನಮ್ಮಲ್ಲಿ ಸಂಪಿಗೆ ಎಸಳಿನಂಥ ಮೂಗು ಎಂದು ಹೊಗಳುವಂತೆ ಅಂದಿನ ಯುರೋಪಿನಲ್ಲಿ ಗ್ರೀಕ್ ಶಿಲ್ಪದ ಮೂಗೇ ಮೂಗು. ಪಕ್ಕದಿಂದ ನೋಡಿದರೆ ಹಣೆ ಮತ್ತು ಮೂಗು ಒಂದೇ ನೇರ ಗೆರೆಯಲ್ಲಿ ಇಳಿಯಬೇಕು, ನಡುವೆ ತಗ್ಗು ಇರಬಾರದು. ಗ್ಲ್ಯಾಡಿಸ್ ರೋಮ್‌ನಲ್ಲಿ ಹಳೆಯ ಶಿಲ್ಪಗಳ ಮುಂದೆ ನಿಂತು ಕಣ್ಣು, ಮೂಗುಗಳ ಅಳತೆ ತೆಗೆದುಕೊಂಡಿದ್ದಳು ಎನ್ನುತ್ತಾರೆ. ಅಮೃತಶಿಲೆಯ ಮುಖ ಅವಳ ಮಾದರಿಯಾಗಿತ್ತು.

ಅಂಥ ಆಸೆಗೆ ದಾರಿಯೂ ಆಗಷ್ಟೇ ತೆರೆದಿತ್ತು. 1899ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸೂನಿ, ಕ್ಷಯದಿಂದ ವೃಷಣಗಳನ್ನು ಕಳೆದುಕೊಂಡಿದ್ದ ಯುವಕನೊಬ್ಬನಿಗೆ ಆ ಜಾಗ ತುಂಬಲು ವ್ಯಾಸಲೀನ್ ಚುಚ್ಚಿದ. ಪ್ರಯೋಗ ಫಲಿಸಿದಂತೆ ಕಂಡಿತು. ಕುಸಿದ ಮೂಗನ್ನು ಎತ್ತರಿಸಲೂ ಇದೇ ಉಪಾಯ ಬಳಕೆಗೆ ಬಂತು. ವ್ಯಾಸಲೀನ್ ಮೆತ್ತಗೆ, ಒಂದೆಡೆ ನಿಲ್ಲುವುದಿಲ್ಲವೆಂದು ಗಟ್ಟಿ ಪ್ಯಾರಫಿನ್ ಬಂತು. ಮೇಣವನ್ನು ಬಿಸಿ ಮಾಡಿ ಕರಗಿಸಿ ಸಿರಿಂಜಿನಲ್ಲಿ ತುಂಬಿ ಚರ್ಮದಡಿ ಬಿಡುವುದು, ಆರುವ ಮುನ್ನ ಬೆರಳಿನಿಂದ ಒತ್ತಿ ಆಕಾರ ಕೊಡುವುದು. ಕತ್ತರಿಸುವುದಿಲ್ಲ, ಹೊಲಿಗೆಯಿಲ್ಲ, ಕನ್ನಡಿಯಲ್ಲಿ ಕೂಡಲೇ ಫಲ. ಇಂದಿನ ಫಿಲ್ಲರ್ ಜಾಹೀರಾತುಗಳು ಹೇಳುವುದೂ ಹೆಚ್ಚುಕಮ್ಮಿ ಇದನ್ನೇ.

ಅಡಚಣೆ ಆಮೇಲಿನದು. ಮೇಣವನ್ನು ದೇಹ ಕರಗಿಸಿಕೊಳ್ಳಲಾರದು, ತನ್ನದೆಂದು ಒಪ್ಪಲೂ ಆರದು. ಹೊರಗಿನ ವಸ್ತುವೆಂದು ಅದರ ಸುತ್ತ ಗಟ್ಟಿ ಅಂಗಾಂಶ ಕಟ್ಟುತ್ತದೆ, ಗಂಟುಗಳು ಏಳುತ್ತವೆ, ಊತ, ಕೀವು ಬರಬಹುದು. ಚುಚ್ಚಿ ಎಷ್ಟೋ ವರ್ಷಗಳಾದ ಮೇಲೂ ಹೀಗಾಗುವುದುಂಟು. ಮೇಣ ಇದ್ದಲ್ಲೇ ಇರದೆ ಕೆಳಕ್ಕೆ ಜಾರುತ್ತದೆ. ರಕ್ತನಾಳಕ್ಕೆ ಹೊಕ್ಕರೆ ಕಣ್ಣು ಹೋಗಬಹುದು, ಜೀವವೇ ಹೋಗಬಹುದು. ತೆಗೆಯೋಣವೆಂದರೆ ಮೇಣ ಅಂಗಾಂಶದೊಳಗೆ ಹೆಣೆದುಕೊಂಡಿರುತ್ತದೆ, ಅದರೊಂದಿಗೆ ಮುಖದ ಮಾಂಸವನ್ನೂ ಕತ್ತರಿಸಬೇಕು. ಈ ಅಪಾಯಗಳು ಒಂದೊಂದಾಗಿ ವೈದ್ಯರ ಗಮನಕ್ಕೆ ಬರುವ ಹೊತ್ತಿಗೆ ಎಷ್ಟೋ ಮುಖಗಳಿಗೆ ಸೂಜಿ ಇಳಿದಾಗಿತ್ತು.

ಗ್ಲ್ಯಾಡಿಸ್‌ಗೆ ಒಂದೇ ದಿನದಲ್ಲಿ ಮುಖ ಕೆಡಲಿಲ್ಲ. ಆರಂಭದಲ್ಲಿ ಮೂಗಿನ ಬುಡ ಊದಿ, ಬಯಸಿದ ನೇರ ಗೆರೆಯ ಬದಲು ದಪ್ಪ ಉಬ್ಬು ಬಂತು. ಆಪ್ತರಿಗೆ ವ್ಯತ್ಯಾಸ ಎದ್ದು ಕಂಡಿತು. ವರ್ಷಗಳು ಉರುಳಿದಂತೆ ಮೇಣ ಮೆಲ್ಲಗೆ ಮುಖದ ಕೆಳಭಾಗಕ್ಕೆ ಇಳಿದು ದವಡೆ, ಗಲ್ಲದ ಸುತ್ತ ಗಂಟುಗಟ್ಟಿತು. ಬೆಂಕಿಯ ಹತ್ತಿರ ಕುಳಿತು ಮೇಣ ಮೆತ್ತಗಾದಾಗ ಮೂಗನ್ನು ಮತ್ತೆ ತಿದ್ದಿಕೊಳ್ಳುತ್ತಿದ್ದಳು ಎಂಬ ಕುಹಕದ ಕಥೆಯೂ ಹುಟ್ಟಿಕೊಂಡಿತು. ಅದನ್ನು ನಂಬಬೇಕಿಲ್ಲ. ನಿನ್ನೆಯವರೆಗೆ ಹೊಗಳಿದ ಬಾಯಿಗಳೇ ಇಂಥವನ್ನು ಹಬ್ಬಿಸಿದವು.

ಮುಖ ಕೆಟ್ಟು ಬಾಳು ಕೆಟ್ಟಿತು ಎಂದು ಈ ಕಥೆಗೆ ಅಲ್ಲಿಗೇ ಮಂಗಳ ಹಾಡುವವರು ಬಹಳ. ದಿನಾಂಕಗಳು ಬೇರೆಯೇ ಹೇಳುತ್ತವೆ. ಡ್ಯೂಕ್ ಮತ್ತು ಕಾನ್ಸುವೆಲೊ 1906ರಲ್ಲಿ ಬೇರೆಯಾದರು. ಗ್ಲ್ಯಾಡಿಸ್ ಕಾನ್ಸುವೆಲೊಗೂ ಗೆಳತಿ, ಡ್ಯೂಕ್‌ಗೂ ಪ್ರೇಯಸಿ, ಆ ತೊಡಕಿನ ಸಂಬಂಧ ವರ್ಷಗಟ್ಟಲೆ ನಡೆಯಿತು. ವಿಚ್ಛೇದನ ಮುಗಿದ ಮೇಲೆ 1921ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಡ್ಯೂಕ್ ಅವಳನ್ನು ಮದುವೆಯಾದ. ಅವಳಿಗೆ ಆಗ 40. ಇಂಜೆಕ್ಷನ್ ಹಾಕಿಸಿಕೊಂಡು 18 ವರ್ಷ ಕಳೆದಿತ್ತು. ಆ ಮುಖವನ್ನು ನೋಡಿಯೇ ಅವನು ಅವಳನ್ನು ವರಿಸಿದ್ದು.

ಬ್ಲೆನಿಮ್‌ನಲ್ಲಿ ಅವಳು ತನ್ನ ಕಣ್ಣುಗಳನ್ನು ಮಾತ್ರ ಶಾಶ್ವತ ಮಾಡಿಸಿದಳು. 1928ರಲ್ಲಿ ಕಾಲಿನ್ ಗಿಲ್ ಎಂಬ ಕಲಾವಿದನಿಂದ ಅರಮನೆಯ ಮುಂಬಾಗಿಲ ಮಂಟಪದ ಚಾವಣಿಯಲ್ಲಿ ಆರು ದೊಡ್ಡ ಕಣ್ಣುಗಳನ್ನು ಬರೆಸಿದಳು. ಕೆಲವು ನೀಲಿ, ಕೆಲವು ಕಂದು. ನೀಲಿ ಬಣ್ಣ ಸರಿಯಾಗಿ ಬರಲೆಂದು ತಾನೇ ಅಟ್ಟಣಿಗೆ ಹತ್ತಿ ತನ್ನ ಕೊರಳವಸ್ತ್ರ ಕೊಟ್ಟು ಬಂದಳಂತೆ. ತೋಟದ ಕೆಳ ಅಂಗಳದಲ್ಲಿ ಎರಡು ಸ್ಫಿಂಕ್ಸ್ ಶಿಲ್ಪಗಳಿಗೂ ಅವಳದೇ ಮುಖವಿದೆ. ಕಲ್ಲಿನಲ್ಲಿ ಮೂಗು ಜಾರುವುದಿಲ್ಲ. ಪ್ರವಾಸಿಗರು ಇಂದಿಗೂ ಅವುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಮದುವೆ ಮಾತ್ರ ಉಳಿಯಲಿಲ್ಲ. ಗರ್ಭ ನಿಲ್ಲದೆ ಹೋಯಿತು. ಡ್ಯೂಕ್ 1927ರಲ್ಲಿ ರೋಮನ್ ಕ್ಯಾಥೊಲಿಕ್ ಮತ ಸೇರಿದ. ಗ್ಲ್ಯಾಡಿಸ್ ಅರಮನೆಯ ಕೋಣೆಗಳಲ್ಲಿ ಸ್ಪ್ಯಾನಿಯಲ್ ನಾಯಿಗಳ ಹಿಂಡು ಸಾಕಿದಳು. ಊಟದ ಮೇಜಿನ ಮೇಲೆ ರಿವಾಲ್ವರ್ ಇಟ್ಟುಕೊಂಡು ಕೂತಳು. ಇದೇಕೆಂದು ಕೇಳಿದ ಅತಿಥಿಗೆ, ಗಂಡನನ್ನು ಕೊಲ್ಲಬೇಕಾಗಿ ಬಂದರೆ ಇರಲಿ ಎಂಬ ಉತ್ತರ ಸಿಕ್ಕಿತಂತೆ. ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯ ಗುಂಡಿನ ಸುದ್ದಿ ಕೇಳಿದವಳ ಬಾಯಲ್ಲಿ ಅದು ಬರೀ ತಮಾಷೆಯಂತೆ ಕೇಳುವುದಿಲ್ಲ. 1931ರಲ್ಲಿ ಡ್ಯೂಕ್ ಅರಮನೆ ಬಿಟ್ಟು ಹೋದ, ಎರಡು ವರ್ಷದ ನಂತರ ಅವಳನ್ನು ಅಲ್ಲಿಂದ ಹೊರಹಾಕಿಸಿದ. ವಿಚ್ಛೇದನ ಆಗುವ ಮೊದಲೇ, 1934ರ ಜೂನ್ 30ರಂದು ತೀರಿಕೊಂಡ.

ಆ ಮೇಲೆ ಗ್ಲ್ಯಾಡಿಸ್ ಲೋಕಕ್ಕೆ ಬೆನ್ನು ಹಾಕಿದಳು. ಹಳ್ಳಿಯ ಮನೆಯಲ್ಲಿ ಬೆಕ್ಕುಗಳ ಜೊತೆ ಒಂಟಿ ಬದುಕು. ಹಗಲು ಹೊರಗೆ ಬರುತ್ತಿದ್ದುದೇ ಅಪರೂಪ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಲಂಡನ್ನಿನ ಒಡವೆ ಅಂಗಡಿಯೊಂದರಲ್ಲಿ ಸಂಸದ ಚಿಪ್ಸ್ ಚಾನನ್ ಅವಳನ್ನು ಕಂಡು ಗುರುತಿಸಿ, ವಿಕಾರವಾದ ಆ ಮುಖದ ಬಗ್ಗೆ ತನ್ನ ದಿನಚರಿಯಲ್ಲಿ ನಿರ್ದಯವಾಗಿ ಬರೆದಿಟ್ಟ. 1962ರಲ್ಲಿ, 81ನೆಯ ವಯಸ್ಸಿನಲ್ಲಿ, ಅವಳ ಇಚ್ಛೆಗೆ ವಿರುದ್ಧವಾಗಿ ನಾರ್ಥ್‌ಹ್ಯಾಂಪ್ಟನ್‌ನ ಸೇಂಟ್ ಆಂಡ್ರೂಸ್ ಮನೋರೋಗ ಆಸ್ಪತ್ರೆಗೆ ಸೇರಿಸಲಾಯಿತು. ಜೇಮ್ಸ್ ಜಾಯ್ಸ್‌ನ ಮಗಳು ಲೂಸಿಯಾ ಕೂಡ ಆ ವರ್ಷಗಳಲ್ಲಿ ಅಲ್ಲೇ ಇದ್ದಳು.

ಪ್ಯಾರಫಿನ್ ಅಷ್ಟರಲ್ಲಿ ಪಶ್ಚಿಮದ ವೈದ್ಯರ ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಆಮೇಲೆ ದ್ರವ ಸಿಲಿಕೋನ್ ಬಂತು, ಅದೂ ಗಂಟು ಕಟ್ಟಿತು, ಅದೂ ಜಾರಿತು. ಇಂದು ನಮ್ಮ ಮಹಾನಗರಗಳ ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿ ಬಳಸುವುದು ಹಯಲುರಾನಿಕ್ ಆಸಿಡ್. ಅದು ದೇಹದಲ್ಲೇ ಇರುವ ವಸ್ತುವಿನ ರೂಪ, ಕಾಲಕ್ರಮದಲ್ಲಿ ಕರಗುತ್ತದೆ. ಆಕಾರ ಕೆಟ್ಟರೆ ಹಯಲುರೊನಿಡೇಸ್ ಎಂಬ ಕಿಣ್ವ ಚುಚ್ಚಿ ಕರಗಿಸಲೂ ಬಹುದು. ಗ್ಲ್ಯಾಡಿಸ್‌ಗೆ ಇಲ್ಲದೆ ಹೋದದ್ದು ಈ ವಾಪಸ್ ದಾರಿ. ಆದರೆ ಅಪಾಯ ಪೂರ್ತಿ ಹೋಗಿಲ್ಲ. ಫಿಲ್ಲರ್ ರಕ್ತನಾಳಕ್ಕೆ ಹೊಕ್ಕರೆ ಚರ್ಮ ಕೊಳೆಯಬಹುದು, ಕಣ್ಣು ಶಾಶ್ವತವಾಗಿ ಕುರುಡಾಗಬಹುದು. ಆ ದೃಷ್ಟಿಯಿಂದ ಮುಖದಲ್ಲಿ ಅತಿ ನಾಜೂಕಾದ ಜಾಗಗಳೆಂದರೆ ಮೂಗು ಮತ್ತು ಹುಬ್ಬುಗಳ ನಡುವಿನ ಭಾಗ. ಅವಳು ಸೂಜಿ ಹಾಕಿಸಿಕೊಂಡದ್ದು ಸರಿಯಾಗಿ ಅಲ್ಲಿಯೇ.

ಚಾನನ್ ದಿನಚರಿ ಅಚ್ಚಾದಾಗ ಅದನ್ನು ಓದಿದ ಹದಿಹರೆಯದ ಹುಡುಗನೊಬ್ಬ ಈ ಡಚೆಸ್ ಯಾರೆಂದು ಹುಡುಕತೊಡಗಿದ. ಅವನ ಹೆಸರು ಹ್ಯೂಗೊ ವಿಕರ್ಸ್. 1975ರಲ್ಲಿ ಆಸ್ಪತ್ರೆಗೆ ಹೋದಾಗ ಅವಳು 94ರ ಮುದುಕಿ, ಕಿವಿ ಕೇಳದು, ಕಣ್ಣಿನ ನೀಲಿ ಮಾತ್ರ ಮಾಸಿರಲಿಲ್ಲ. ಮೊದಮೊದಲು ಮಾತೇ ಆಡಲಿಲ್ಲ. ಆತ ಮತ್ತೆ ಮತ್ತೆ ಹೋದ. ಕ್ರಮೇಣ ಅವಳು ಪ್ಯಾರಿಸ್‌ನ ದಿನಗಳ ಬಗ್ಗೆ, ತಾನು ಬಲ್ಲ ಕಲಾವಿದರ ಬಗ್ಗೆ ಮಾತನಾಡಿದಳು, ಹರಿತ ಹಾಗೆಯೇ ಇತ್ತು. ಗ್ಲ್ಯಾಡಿಸ್ ಡೀಕನ್ ಬಗ್ಗೆ ಕೇಳಿದರೆ ಮಾತ್ರ ಅಂಥವಳೊಬ್ಬಳು ಇರಲೇ ಇಲ್ಲ ಎಂದುಬಿಟ್ಟಳು.

1977ರ ಅಕ್ಟೋಬರ್ 13ರಂದು ಅವಳು ತೀರಿಕೊಂಡಳು. ವಿಕರ್ಸ್ ಬರೆದ ಜೀವನಚರಿತ್ರೆ ಎರಡು ವರ್ಷಗಳ ನಂತರ, 1979ರಲ್ಲಿ ಪ್ರಕಟವಾಯಿತು.