ಚಾರ್ಲ್ಸ್ ಜಾನ್ ಮನ್ರೊ: ನ್ಯೂಜಿಲೆಂಡಿಗೆ ರಗ್ಬಿ ತಂದವನು

ಮನ್ರೊ ಎಂಬ ಹೆಸರು ಕಿವಿಗೆ ಬಿದ್ದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಮಂತ್ರಾಲಯ. ಬಳ್ಳಾರಿ ಸೀಮೆಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋಗೆ ರಾಯರು ಬೃಂದಾವನದೊಳಗಿಂದ ದರ್ಶನವಿತ್ತು ಮಾತನಾಡಿದರೆಂಬ ಐತಿಹ್ಯವನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಪಾಮರ್ಸ್ಟನ್ ನಾರ್ತ್ ನಗರಕ್ಕೆ ಬಂದ ಹೊಸದರಲ್ಲಿ ಮನ್ರೊನ ಕಂಚಿನ ಪ್ರತಿಮೆಯೊಂದು ಇಲ್ಲಿದೆಯೆಂದು ಕೇಳಿದಾಗ ನನ್ನ ಮನಸ್ಸು ಹೋದದ್ದೂ ತುಂಗಭದ್ರೆಯ ದಡಕ್ಕೇ. ಈ ಮನ್ರೊ ಬೇರೆಯವನು. ಇಂಗ್ಲಿಷಿನಲ್ಲಿ ಬರೆಯುವಾಗ ಹೆಸರಿನ ಒಂದು ಅಕ್ಷರವೂ ಬೇರೆ. ಸ್ಕಾಟ್ಲೆಂಡಿನ ಮೂಲವಷ್ಟೇ ಇಬ್ಬರಿಗೂ ಸಮಾನ. ನ್ಯೂಜಿಲೆಂಡಿನಲ್ಲಿ ಮೊದಲ ರಗ್ಬಿ ಪಂದ್ಯವನ್ನು ಏರ್ಪಡಿಸಿದ ಚಾರ್ಲ್ಸ್ ಜಾನ್ ಮನ್ರೊ ತನ್ನ ಬಾಳಿನ ಉತ್ತರಾರ್ಧವನ್ನು ಈ ಊರಿನಲ್ಲಿ ಕಳೆದು ಇಲ್ಲಿಯೇ ತೀರಿಕೊಂಡ.

ವೈದ್ಯರಾದ ಓದುಗರಿಗೆ ಈ ಹೆಸರಿನ ಇನ್ನೊಂದು ನೆನಪೂ ಇರಬೇಕು. ಮೆದುಳಿನ ಪಾರ್ಶ್ವ ಕುಹರಗಳನ್ನು ಮೂರನೆಯ ಕುಹರದೊಡನೆ ಕೂಡಿಸುವ ಕಿರುದಾರಿಗೆ ಮನ್ರೊ ರಂಧ್ರವೆಂದು ಹೆಸರು. ಮೊದಲ ವರ್ಷದ ಅಂಗರಚನಾಶಾಸ್ತ್ರದ ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ ಸಾವಿರಾರು ಜನರಲ್ಲಿ ನಾನೂ ಒಬ್ಬ. ಅದನ್ನು 1783ರಲ್ಲಿ ವರ್ಣಿಸಿದ ಎರಡನೆಯ ಅಲೆಗ್ಸಾಂಡರ್ ಮನ್ರೊ ನಮ್ಮ ಚಾರ್ಲ್ಸನ ಮುತ್ತಜ್ಜ. ಎಡಿನ್‌ಬರೊ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರದ ಪೀಠದಲ್ಲಿ 1720ರಿಂದ 1846ರವರೆಗೆ, ಅಂದರೆ 126 ವರ್ಷ, ಅಪ್ಪ, ಮಗ, ಮೊಮ್ಮಗ ಹೀಗೆ ಮೂವರು ಅಲೆಗ್ಸಾಂಡರ್ ಮನ್ರೊಗಳು ಒಬ್ಬರಾದ ಮೇಲೊಬ್ಬರು ಕುಳಿತರು. ಮೊದಲಿಬ್ಬರ ಕೀರ್ತಿ ಯುರೋಪಿನಾದ್ಯಂತ ಹಬ್ಬಿತ್ತು. ಮೂರನೆಯವನು ತಾತನ ಕಾಲದ ಟಿಪ್ಪಣಿಗಳನ್ನೇ ತರಗತಿಯಲ್ಲಿ ಓದಿ ಹೇಳುತ್ತಿದ್ದನೆಂಬ ಕಥೆ ಪ್ರಚಲಿತವಾಗಿದೆ. ಅವನ ವಿದ್ಯಾರ್ಥಿಯಾಗಿದ್ದ ಚಾರ್ಲ್ಸ್ ಡಾರ್ವಿನ್ ಆ ಪಾಠಗಳಿಂದ ಬೇಸತ್ತದ್ದನ್ನು ತನ್ನ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾನೆ. ವಂಶಪಾರಂಪರ್ಯದ ಹುದ್ದೆಗಳಿಗೆ ಬರುವ ಗತಿ ಎಲ್ಲ ದೇಶಗಳಲ್ಲೂ ಒಂದೇ.

ಮೂರನೆಯ ಅಲೆಗ್ಸಾಂಡರನ ಮಗ ಡೇವಿಡ್ ಮನ್ರೊ ವೈದ್ಯಕೀಯ ಓದಿದನಾದರೂ ಪೀಠಕ್ಕೆ ಆಸೆಪಡದೆ ಹಡಗು ಹತ್ತಿದ. 1842ರಲ್ಲಿ, ಆಗತಾನೆ ನೆಲೆಗೊಳ್ಳುತ್ತಿದ್ದ ನೆಲ್ಸನ್ ವಸಾಹತಿಗೆ ಬಂದು ಜಮೀನು ಮಾಡಿದ, ಕುರಿ ಸಾಕಿದ, ಗಿಡಮೂಲಿಕೆಗಳನ್ನು ಸಂಗ್ರಹಿಸಿದ, ಕೊನೆಗೆ ರಾಜಕೀಯಕ್ಕಿಳಿದ. 1861ರಿಂದ 1870ರವರೆಗೆ ನ್ಯೂಜಿಲೆಂಡಿನ ಜನಪ್ರತಿನಿಧಿ ಸಭೆಯ ಸಭಾಧ್ಯಕ್ಷನಾಗಿದ್ದು ‘ಸರ್’ ಪದವಿಯನ್ನೂ ಪಡೆದ. ಇಲ್ಲಿನ ತೋಟಗಳಲ್ಲಿ ಕಾಣುವ, ಹಳದಿ ಹೂ ಬಿಡುವ ಒಂದು ಪೊದೆಗೆ ಸಸ್ಯಶಾಸ್ತ್ರಜ್ಞರು ಇವನ ಹೆಸರಿಟ್ಟಿದ್ದಾರೆ. ಮಗಳು ಜಾರ್ಜಿಯಾನಾಳನ್ನು ಕೈಹಿಡಿದವನು ಭೂವಿಜ್ಞಾನಿ ಜೇಮ್ಸ್ ಹೆಕ್ಟರ್. ಇಂತಹ ಮನೆಯಲ್ಲಿ, ನೆಲ್ಸನ್ ಬಳಿಯ ವೈಮಿಯ ವೆಸ್ಟ್ ಎಂಬಲ್ಲಿ, 1851ರ ಏಪ್ರಿಲ್ 5ರಂದು ಐದನೆಯ ಮಗನಾಗಿ ಚಾರ್ಲ್ಸ್ ಹುಟ್ಟಿದ.

ಐದನೆಯ ಮಗನನ್ನು ಏನು ಮಾಡುವುದು? ತಂದೆ ಸೈನ್ಯವೆಂದು ತೀರ್ಮಾನಿಸಿದ. ಮಗ ಹುಟ್ಟುವ ಮೊದಲೇ ಅವನನ್ನು ಇಂಜಿನಿಯರನೋ ಡಾಕ್ಟರನೋ ಮಾಡಿಬಿಡುವ ನಮ್ಮವರಿಗೆ ಇದು ಹೊಸ ಸಂಗತಿಯಲ್ಲ. ಸ್ವಲ್ಪ ಕಾಲ ನೆಲ್ಸನ್ ಕಾಲೇಜಿನಲ್ಲಿ ಓದಿದ ಹುಡುಗನನ್ನು 1867ರಲ್ಲಿ ಲಂಡನ್ನಿನ ಉತ್ತರಕ್ಕಿದ್ದ ಫಿಂಚ್ಲಿಯ ಕ್ರೈಸ್ಟ್ಸ್ ಕಾಲೇಜಿಗೆ ಕಳುಹಿಸಲಾಯಿತು. ಸೈನಿಕ ವೃತ್ತಿ ಚಾರ್ಲ್ಸನಿಗೆ ಹಿಡಿಸಲಿಲ್ಲ. ಹಿಡಿಸಿದ್ದು ಅಲ್ಲಿ ಹುಡುಗರು ಆಡುತ್ತಿದ್ದ ಆಟ. 1870ರ ಆರಂಭದಲ್ಲಿ, ಇನ್ನೂ ಹತ್ತೊಂಬತ್ತು ತುಂಬದೆ, ಆತ ಊರಿಗೆ ಮರಳಿದ.

ಆಗ ‘ಫುಟ್‌ಬಾಲ್’ ಎಂಬ ಮಾತಿಗೆ ಒಂದೇ ಅರ್ಥವಿರಲಿಲ್ಲ. ಇಂಗ್ಲೆಂಡಿನ ಒಂದೊಂದು ಶಾಲೆಗೂ ಒಂದೊಂದು ಪದ್ಧತಿ. ನಿಯಮಗಳನ್ನು ಏಕರೂಪಗೊಳಿಸಲು 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದೆ, ಎದುರಾಳಿಯ ಮೊಳಕಾಲಿನ ಕೆಳಗೆ ಬೂಟಿನಿಂದ ಒದೆಯಬಹುದೆ ಎಂಬೆರಡು ಪ್ರಶ್ನೆಗಳ ಮೇಲೆ ಅದು ಒಡೆಯಿತು. ಎರಡೂ ಕೂಡದೆಂದವರ ಆಟವನ್ನು ಇಂದು ಜಗತ್ತು ಫುಟ್‌ಬಾಲ್ ಎನ್ನುತ್ತದೆ. ರಗ್ಬಿ ಶಾಲೆಯ ಪದ್ಧತಿಯನ್ನು ಬಿಡದವರು 1871ರಲ್ಲಿ ತಮ್ಮದೇ ರಗ್ಬಿ ಒಕ್ಕೂಟವನ್ನು ಕಟ್ಟಿಕೊಂಡು, ಒದೆತವನ್ನು ಮಾತ್ರ ಕೈಬಿಟ್ಟರು. ಆಡುವ ಕ್ರಮವೂ ಇಂದಿನಂತಿರಲಿಲ್ಲ. ತಂಡಕ್ಕೆ ಹದಿನೈದರ ಬದಲು ಇಪ್ಪತ್ತು ಜನ. ಆಟದ ಬಹುಭಾಗ ಜನರ ರಾಶಿಯೊಳಗಿನ ನೂಕಾಟ. ಚೆಂಡನ್ನು ಗೋಲುಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ ಅಂಕವೇನೂ ಸಿಗುತ್ತಿರಲಿಲ್ಲ, ಗೋಲಿಗೆ ಒದೆಯಲು ಒಂದು ಪ್ರಯತ್ನದ ಅವಕಾಶ ಸಿಗುತ್ತಿತ್ತು. ಅದಕ್ಕಾಗಿಯೇ ಅದಕ್ಕೆ ‘ಟ್ರೈ’ ಎಂಬ ಹೆಸರು ಬಂದಿತು. ಕಬಡ್ಡಿಯ ಹಿಡಿತವನ್ನು ಬಲ್ಲ ನಮಗೆ ಆಟದ ಅರ್ಧಭಾಗ ತಾನಾಗಿಯೇ ತಿಳಿಯುತ್ತದೆ. ಉಳಿದರ್ಧಕ್ಕೆ ಮಾತ್ರ ಒಂದೆರಡು ಚಳಿಗಾಲ ಮೈದಾನದ ಅಂಚಿನಲ್ಲಿ ನಿಲ್ಲಬೇಕು.

ನ್ಯೂಜಿಲೆಂಡಿನಲ್ಲಿ ಗೊಂದಲ ಇನ್ನೂ ಹೆಚ್ಚು. ಒಂದೊಂದು ಊರಿನವರು ತಾವು ಬಿಟ್ಟುಬಂದ ಶಾಲೆಯ ನೆನಪಿನಂತೆ ಆಡುತ್ತಿದ್ದರು. ಚಿನ್ನದ ಗಣಿಗಳನ್ನು ಅರಸಿ ಆಸ್ಟ್ರೇಲಿಯದಿಂದ ಬಂದವರು ವಿಕ್ಟೋರಿಯಾದ ನಿಯಮಗಳನ್ನು ತಂದಿದ್ದರು. 1868ರಲ್ಲಿ ಸ್ಥಾಪನೆಯಾದ ನೆಲ್ಸನ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಎಲ್ಲವುಗಳ ಕಲಸುಮೇಲೋಗರ ನಡೆದಿತ್ತು. ಚಾರ್ಲ್ಸ್ ಮಾಡಿದ್ದು ಇಷ್ಟೇ: ರಗ್ಬಿ ನಿಯಮಗಳಲ್ಲಿ ಒಮ್ಮೆ ಆಡಿ ನೋಡೋಣವೆಂದು ಕ್ಲಬ್ಬಿನವರನ್ನು ಒಪ್ಪಿಸಿದ. ನೆಲ್ಸನ್ ಕಾಲೇಜಿನ ಮುಖ್ಯೋಪಾಧ್ಯಾಯನೂ ಒಪ್ಪಿದ. 1870ರ ಮೇ 14, ಶನಿವಾರ, ನೆಲ್ಸನ್ನಿನ ಬೊಟಾನಿಕಲ್ ರಿಸರ್ವ್ ಮೈದಾನದಲ್ಲಿ ಕಾಲೇಜಿನ ಹುಡುಗರಿಗೂ ಊರಿನ ಕ್ಲಬ್ಬಿಗೂ ಪಂದ್ಯ ನಡೆಯಿತು. ತಂಡಕ್ಕೆ ಹದಿನೆಂಟು ಜನ; ನೋಡಲು ಬಂದವರು ಸುಮಾರು ಇನ್ನೂರು. ಊರಿನವರು ಎರಡು ಗೋಲುಗಳಿಂದ ಗೆದ್ದರು. ಇಂಗ್ಲೆಂಡಿನ ರಗ್ಬಿ ಒಕ್ಕೂಟ ಹುಟ್ಟುವುದಕ್ಕೆ ಇನ್ನೂ ಎಂಟು ತಿಂಗಳಿತ್ತು ಎಂಬುದನ್ನು ಇಲ್ಲಿನವರು ನೆನಪಿಸದೆ ಬಿಡುವುದಿಲ್ಲ.

ನನ್ನ ದೃಷ್ಟಿಯಲ್ಲಿ ಆ ಪಂದ್ಯಕ್ಕಿಂತ ಮುಖ್ಯವಾದುದು ಮುಂದಿನದು. ಒಂದೂರಿನೊಳಗಿನ ಆಟ ಎಷ್ಟೇ ಸೊಗಸಾಗಿದ್ದರೂ ಅದು ಒಂದೂರಿನದೇ. ಬೇರೊಂದು ಊರಿನೊಡನೆ ಆಡಬೇಕಾದರೆ ಇಬ್ಬರಿಗೂ ಒಂದೇ ನಿಯಮ ಬೇಕು, ಮೈದಾನ ಬೇಕು, ಹೋಗಿಬರಲು ವಾಹನ ಬೇಕು. ನೆಲ್ಸನ್‌ಗೂ ವೆಲಿಂಗ್ಟನ್‌ಗೂ ನಡುವೆ ಇರುವುದು ಕುಕ್ ಜಲಸಂಧಿ. ಇಂದಿನ ದೊಡ್ಡ ನೌಕೆಗಳಲ್ಲೂ ಹೊಟ್ಟೆ ತೊಳಸುವಂತೆ ಮಾಡುವ ನೀರು. ಹತ್ತೊಂಬತ್ತರ ತರುಣ ವೆಲಿಂಗ್ಟನ್ನಿನಲ್ಲಿ ಎದುರು ತಂಡ ಕಟ್ಟಿಸಿದ, ಪೆಟೋನೆಯಲ್ಲಿ ಮೈದಾನ ಗೊತ್ತುಮಾಡಿದ. ನೆಲ್ಸನ್ ತಂಡ ‘ಲೂನಾ’ ಎಂಬ ಸರ್ಕಾರಿ ಹಬೆಹಡಗಿನಲ್ಲಿ ದಾಟಿ ಬಂದಿತು. ತಂದೆ ಸಭಾಧ್ಯಕ್ಷನಾಗಿದ್ದುದು ಇದಕ್ಕೆ ಅಡ್ಡಿಯಾಗಿರಲಾರದು. 1870ರ ಸೆಪ್ಟೆಂಬರ್ 12ರಂದು ನಡೆದ ಆ ಪಂದ್ಯದಲ್ಲಿ ನೆಲ್ಸನ್ ಗೆದ್ದಿತು. ಆಟವನ್ನು ಕಲಿಸಿಕೊಟ್ಟವನೇ ಆಡಿದ, ನಿಯಮಗಳ ತಗಾದೆ ಎದ್ದಾಗ ತೀರ್ಪು ಹೇಳಿದವನೂ ಅವನೇ. ಇಂದು ಇದನ್ನು ಯಾರೂ ಒಪ್ಪಲಾರರು. ಅಂದು ನಿಯಮ ಬಲ್ಲವನು ಬೇರೊಬ್ಬನಿರಲಿಲ್ಲ.

ಅಲ್ಲಿಂದ ಮುಂದೆ ಆಟಕ್ಕೆ ಚಾರ್ಲ್ಸನ ಅಗತ್ಯ ಉಳಿಯಲಿಲ್ಲ. 1875ರಲ್ಲಿ ಆಕ್ಲೆಂಡಿನವರು ದಕ್ಷಿಣದ ಊರುಗಳಿಗೆ ಪ್ರವಾಸ ಬಂದರು. 1879ರಲ್ಲಿ ಕ್ಯಾಂಟರ್ಬರಿ, ವೆಲಿಂಗ್ಟನ್‌ಗಳಲ್ಲಿಯೂ, 1886ರಲ್ಲಿ ನಮ್ಮ ಮಾನವಾತು ಪ್ರದೇಶದಲ್ಲಿಯೂ ಪ್ರಾಂತೀಯ ಒಕ್ಕೂಟಗಳು ಹುಟ್ಟಿದವು. ಇವೆಲ್ಲ ಸೇರಿ ರಾಷ್ಟ್ರೀಯ ಒಕ್ಕೂಟವಾದದ್ದು 1892ರಲ್ಲಿ. ಕಟ್ಟಡ ಕೆಳಗಿನಿಂದ ಮೇಲಕ್ಕೆದ್ದಿತು ಎಂಬುದು ಗಮನಾರ್ಹ. ಹೋಲಿಕೆಗೆ ಜರ್ಮನಿಯನ್ನು ನೋಡಬಹುದು. ಅಲ್ಲಿ 1874ರಲ್ಲಿ ಬ್ರೌನ್‌ಶ್ವೈಗ್ ನಗರದ ಶಾಲಾ ಉಪಾಧ್ಯಾಯ ಕೊನ್ರಾಡ್ ಕೋಖ್ ತನ್ನ ವಿದ್ಯಾರ್ಥಿಗಳಿಗೆ ಫುಟ್‌ಬಾಲ್ ಕಲಿಸಿದ. ಅವನ ಮೊದಲ ನಿಯಮಗಳು ರಗ್ಬಿಗೇ ಹತ್ತಿರವಾಗಿದ್ದವು. ಅಲ್ಲಿಯೂ ಊರಿನ ಕ್ಲಬ್ಬುಗಳು, ಪ್ರಾದೇಶಿಕ ಒಕ್ಕೂಟಗಳು ಮೊದಲು. ರಾಷ್ಟ್ರೀಯ ಸಂಸ್ಥೆ ಬಂದದ್ದು 1900ರಲ್ಲಿ. ಅಷ್ಟರಲ್ಲಿ ಆ ದೇಶ ಕೈಬಿಟ್ಟು ಕಾಲಿನ ಆಟವನ್ನು ಆರಿಸಿಕೊಂಡಿತ್ತು. ನ್ಯೂಜಿಲೆಂಡ್ ಕೈಯನ್ನೇ ಹಿಡಿಯಿತು. ಇನ್ನು ನಮ್ಮ ಭಾರತದಲ್ಲಿ ಕಲ್ಕತ್ತೆಯ ಆಂಗ್ಲರು 1873ರಲ್ಲಿ ರಗ್ಬಿ ಕ್ಲಬ್ ತೆರೆದರು. ಐದೇ ವರ್ಷಗಳಲ್ಲಿ ಸದಸ್ಯರು ಚೆದುರಿ, ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಬಟ್ಟಲೊಂದನ್ನು ಮಾಡಿಸಿ ಲಂಡನ್ನಿಗೆ ಕೊಟ್ಟರು. ಹಾವಿನ ಹಿಡಿಕೆ, ಮುಚ್ಚಳದ ಮೇಲೆ ಆನೆಯಿರುವ ಆ ಕಲ್ಕತ್ತಾ ಕಪ್ಪಿಗಾಗಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳು ಇಂದಿಗೂ ಸೆಣಸುತ್ತವೆ. ನಮ್ಮ ಮಣ್ಣಿನಲ್ಲಿ ಆ ಬೀಜ ಅಂದು ಮೊಳೆಯಲಿಲ್ಲ.

ಇಲ್ಲಿ ಮೊಳೆತದ್ದಕ್ಕೆ ಮಾವೊರಿ ಜನರ ಪಾಲು ದೊಡ್ಡದು. ಜೋಸೆಫ್ ವಾರ್‌ಬ್ರಿಕ್‌ನ ನೇತೃತ್ವದ, ಬಹುತೇಕ ಮಾವೊರಿಗಳೇ ಇದ್ದ ತಂಡ 1888-89ರಲ್ಲಿ ಹಡಗೇರಿ ಹೋಗಿ 107 ಪಂದ್ಯಗಳನ್ನಾಡಿ ಬಂದಿತು. ಕಪ್ಪು ಅಂಗಿ, ಬೆಳ್ಳಿ ಜರೀಗಿಡದ ಎಲೆ ಮೊದಲು ಕಂಡದ್ದು ಅವರ ಎದೆಯ ಮೇಲೆ; ರಾಷ್ಟ್ರೀಯ ತಂಡಕ್ಕೆ ಅದೇ ಇರಲೆಂದು 1893ರಲ್ಲಿ ಸೂಚಿಸಿದವನು ಅದೇ ತಂಡದ ಥಾಮಸ್ ಎಲಿಸನ್. ಆಟವನ್ನು ತಂದವನ ಹೆಸರನ್ನು ಹೇಳುವಾಗ ಅದನ್ನು ಈ ನೆಲದ್ದಾಗಿ ಮಾಡಿದವರ ಹೆಸರನ್ನು ಬಿಡುವುದು ನ್ಯಾಯವಲ್ಲ.

ಮನ್ರೊ ನೆಲ್ಸನ್ನಿನಲ್ಲಿ ಕೆಲವು ವರ್ಷ ಆಡಿ, ಉತ್ತರ ದ್ವೀಪಕ್ಕೆ ಬಂದು, 1880ರ ದಶಕದ ಕೊನೆಯ ಹೊತ್ತಿಗೆ ಪಾಮರ್ಸ್ಟನ್ ನಾರ್ತ್ ಬಳಿ ನೆಲೆಸಿದ. ಕಾಡಿನ ನಡುವಣ ಬಯಲಿನಲ್ಲಿ 1866ರಲ್ಲಿ ಅಳತೆ ಮಾಡಿ ಹಾಕಿದ ಊರು ಇದು. ದಕ್ಷಿಣ ದ್ವೀಪದಲ್ಲಿ ಇನ್ನೊಂದು ಪಾಮರ್ಸ್ಟನ್ ಇದ್ದುದರಿಂದ ‘ನಾರ್ತ್’ ಎಂಬ ಬಾಲ ಅಂಟಿಕೊಂಡಿತು. ನದಿಯಾಚೆಯ ಫಿಟ್ಸ್‌ಹರ್ಬರ್ಟ್ ದಿಬ್ಬದ ಮೇಲೆ, ಇಂದು ಮ್ಯಾಸಿ ವಿಶ್ವವಿದ್ಯಾಲಯ ಹಬ್ಬಿಕೊಂಡಿರುವ ಕಡೆ, ಆತ ಕೃಷಿಕನಾಗಿ ಬಾಳಿದ. ಮನೆಗೆ ಇಟ್ಟ ಹೆಸರು ‘ಕ್ರೇಗ್‌ಲಾಕರ್ಟ್’. ಎಡಿನ್‌ಬರೊ ಹೊರವಲಯದಲ್ಲಿ ಅಜ್ಜನಿಗಿದ್ದ ಎಸ್ಟೇಟಿನ ಹೆಸರು. ಪರದೇಶದ ಮನೆಯ ಬಾಗಿಲಿಗೆ ಊರಿನ ಹೆಸರಿನ ಹಲಗೆ ತಗುಲಿಹಾಕಿದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಾರ್ಲ್ಸನಾದರೋ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ. ಅದು ಅವನ ತಂದೆ ಬಿಟ್ಟುಬಂದ ಊರು. ಪೋಲೋ, ಗಾಲ್ಫ್, ಕ್ರೋಕೆಗಳಲ್ಲಿ ಕೊನೆಯವರೆಗೂ ಅವನಿಗೆ ಆಸಕ್ತಿಯಿತ್ತು.

ದೊಡ್ಡ ಪದವಿ, ಅಧಿಕಾರಗಳು ಅವನಿಗೆ ಬರಲಿಲ್ಲ. ತಂದೆ ಬಯಸಿದ ಸೇನಾಧಿಕಾರಿಯಾಗಲಿಲ್ಲ, ಅಜ್ಜಂದಿರಂತೆ ಪ್ರಾಧ್ಯಾಪಕನಾಗಲಿಲ್ಲ. ಆದರೆ 1905ರಲ್ಲಿ ಬ್ರಿಟನ್ನಿಗೆ ಹೋದ ಕಪ್ಪಂಗಿಯ ತಂಡ 35 ಪಂದ್ಯಗಳಲ್ಲಿ ವೇಲ್ಸ್ ಎದುರಿನ ಒಂದನ್ನು ಬಿಟ್ಟು ಎಲ್ಲವನ್ನೂ ಗೆದ್ದುದನ್ನು ಆತ ಕಂಡ. 1924-25ರ ತಂಡ ಒಂದರಲ್ಲೂ ಸೋಲದೆ ಮರಳಿದ್ದನ್ನೂ ಕಂಡ. ಮಾನವಾತು, ಹೊರೊವೆನುವಾ ಪ್ರಾಂತಗಳು ಕೂಡಿ ‘ಮಾನವೆನುವಾ’ ಎಂಬ ಹೆಸರಿನಲ್ಲಿ 1927ರಲ್ಲಿ ರ‍್ಯಾನ್‌ಫರ್ಲಿ ಫಲಕವನ್ನು ಗೆದ್ದಾಗ ಅವನಿಗೆ ಎಪ್ಪತ್ತಾರು. ಮರುವರ್ಷ ದಕ್ಷಿಣ ಆಫ್ರಿಕಾದ ಪ್ರವಾಸಕ್ಕೆ, ಅಲ್ಲಿನವರ ವರ್ಣದ್ವೇಷಕ್ಕೆ ಮಣಿದು, ಜಾರ್ಜ್ ನೇಪಿಯಾನಂತಹ ಅಪ್ರತಿಮ ಮಾವೊರಿ ಆಟಗಾರನನ್ನು ಬಿಟ್ಟುಹೋದದ್ದೂ ಅವನ ಜೀವಿತಕಾಲದಲ್ಲಿಯೇ. ಆ ಹುಣ್ಣು ಕೊನೆಗೆ ಒಡೆದದ್ದು 1981ರಲ್ಲಿ. ದಕ್ಷಿಣ ಆಫ್ರಿಕಾ ತಂಡ ಇಲ್ಲಿಗೆ ಬಂದಾಗ ದೇಶ ಎರಡಾಯಿತು. ಆಗಸ್ಟ್ 1ರ ಪಂದ್ಯಕ್ಕೆ ಪಾಮರ್ಸ್ಟನ್ ನಾರ್ತ್ ನಗರದ ಮೈದಾನವನ್ನು ಪೊಲೀಸರು ಕೋಟೆಯಂತೆ ಕಾಯಬೇಕಾಯಿತು.

ವೈದ್ಯನಾಗಿ ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ಮೆದುಳಿನ ರಂಧ್ರಕ್ಕೆ ಹೆಸರು ಕೊಟ್ಟ ಮುತ್ತಜ್ಜನೇ, ಬುರುಡೆ ಹಿಗ್ಗದ ಪೆಟ್ಟಿಗೆ, ಅದರೊಳಗಿನ ಒಟ್ಟು ಪರಿಮಾಣ ಬದಲಾಗದು ಎಂಬ ತತ್ತ್ವವನ್ನು ಮುಂದಿಟ್ಟವನು. ಅದಕ್ಕೆ ಮನ್ರೊ-ಕೆಲ್ಲಿ ಸಿದ್ಧಾಂತವೆಂದು ಹೆಸರು. ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಸೇರಿದಾಗ ಅಥವಾ ಮೆದುಳು ಊದಿಕೊಂಡಾಗ ಏಕೆ ಜೀವಕ್ಕೇ ಕುತ್ತು ಎಂಬುದನ್ನು ಇಂದಿಗೂ ಅದರಿಂದಲೇ ವಿವರಿಸುತ್ತೇವೆ. ಮರಿಮಗ ಈ ದೇಶಕ್ಕೆ ತಂದದ್ದು ತಲೆಗೆ ಪೆಟ್ಟು ಬೀಳುವ ಆಟ. ಚಳಿಗಾಲದ ಶನಿವಾರದ ಮಧ್ಯಾಹ್ನ ಇಲ್ಲಿನ ಯಾವುದೇ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡಿದವರಿಗೆ, ಮೊಳಕಾಲಿಗೆ ಕೆಸರು ಮೆತ್ತಿಕೊಂಡು, ಪಂದ್ಯದ ಸ್ಕೋರು ಮರೆತು, ಕೇಳಿದ್ದನ್ನೇ ಕೇಳುವ ಹುಡುಗರ ಪರಿಚಯವಿರುತ್ತದೆ. ಹಿಂದೆಲ್ಲ ಅಂಥವರ ಮುಖಕ್ಕೆ ನೀರು ಚಿಮುಕಿಸಿ ಮತ್ತೆ ಮೈದಾನಕ್ಕೆ ಬಿಡುತ್ತಿದ್ದರು. ಈಗ ರೆಫರಿಯ ಜೇಬಿನಲ್ಲಿ ನೀಲಿ ಕಾರ್ಡಿರುತ್ತದೆ. ಮೆದುಳಿಗೆ ಆಘಾತವಾಗಿದೆಯೆಂಬ ಅನುಮಾನ ಬಂದರೂ ಸಾಕು, ಅದನ್ನು ತೋರಿಸಿ ಆಟಗಾರನನ್ನು ಹೊರಗೆ ಕಳುಹಿಸುತ್ತಾರೆ. ವೈದ್ಯರ ಒಪ್ಪಿಗೆಯಿಲ್ಲದೆ ಅವನು ಮತ್ತೆ ಆಡುವಂತಿಲ್ಲ. ನಮ್ಮ ಮಕ್ಕಳನ್ನು ಈ ಆಟಕ್ಕೆ ಬಿಡಬೇಕೆ ಎಂದು ಕನ್ನಡದ ತಂದೆತಾಯಿಗಳು ಆಗಾಗ ನನ್ನನ್ನು ಕೇಳುತ್ತಾರೆ. ಬಿಡಿ, ಆದರೆ ಆ ಕಾರ್ಡಿನ ಮಾತನ್ನು ಕೋಚ್ ಮೀರಿದರೂ ನೀವು ಮೀರಬೇಡಿ ಎಂದು ಉತ್ತರಿಸುತ್ತೇನೆ.

ಎಂಬತ್ತೆರಡು ತುಂಬಿದ ನಾಲ್ಕು ದಿನಕ್ಕೆ, 1933ರ ಏಪ್ರಿಲ್ 9ರಂದು, ಚಾರ್ಲ್ಸ್ ಮನ್ರೊ ತೀರಿಕೊಂಡ. ದೇಶದ ರಗ್ಬಿ ವಸ್ತುಸಂಗ್ರಹಾಲಯ 1969ರಲ್ಲಿ ಈ ಊರಿನಲ್ಲಿಯೇ ಸ್ಥಾಪನೆಯಾಯಿತು. ಈಗ ನಗರದ ನಡುವಣ ತೆ ಮಾನವಾ ಸಂಗ್ರಹಾಲಯದ ಕಟ್ಟಡದಲ್ಲಿದೆ. ಕಂಚಿನ ಮನ್ರೊ ನಿಂತಿರುವುದು ನದಿಯಾಚೆ, ಮ್ಯಾಸಿಯ ಕ್ರೀಡಾ ಮತ್ತು ರಗ್ಬಿ ಸಂಸ್ಥೆಯಲ್ಲಿ. ನೆಲ್ಸನ್ನಿಗೆ ಪ್ರವಾಸ ಹೋದವರು ದೇಶದ ನಡುಬಿಂದುವೆಂದು ಕರೆಯುವ ಗುಡ್ಡವನ್ನು ಹತ್ತಿ ಚಿತ್ರ ತೆಗೆಸಿಕೊಂಡು ಬರುತ್ತಾರೆ. ಹತ್ತುವ ಮೊದಲು ಬುಡದಲ್ಲಿ ಸಿಗುವ ಹಸಿರು ಮೈದಾನವೇ ಬೊಟಾನಿಕಲ್ ರಿಸರ್ವ್.