ಪುಸ್ತಕದ ಗಂಟು ಹೊತ್ತ ಗಳಗನಾಥ ಮಾಸ್ತರರು



ನಮ್ಮ ಸಂಘದ ಬೆಳ್ಳಿ ಹಬ್ಬದ ಈ ಸಂಚಿಕೆಗೆ ಮೆಚ್ಚಿನ ಸಾಹಿತಿಯೊಬ್ಬರ ಬಗ್ಗೆ ನಾಲ್ಕು ಮಾತು ಬರೆದುಕೊಡಿರೆಂದು ಸಂಪಾದಕ ಮಂಡಳಿಯವರು ಕೇಳಿದರು. ಕುವೆಂಪು, ಬೇಂದ್ರೆ, ಕಾರಂತರಂಥ ದೊಡ್ಡವರ ಹೆಸರು ಎಲ್ಲರಿಗೂ ಗೊತ್ತೇ ಇದೆ. ಆದರೆ ಅವರ ಪುಸ್ತಕ ಬರುವುದಕ್ಕಿಂತ ಮೊದಲೇ ನಮ್ಮ ಕಡೆಯ ಹಳ್ಳಿಗಳಲ್ಲಿ ಕನ್ನಡ ಓದುವ ಮಂದಿಯನ್ನು ತಯಾರು ಮಾಡಿದವರೊಬ್ಬರಿದ್ದರು. ಅವರೇ ಗಳಗನಾಥರು. ಕನ್ನಡ ಕಾದಂಬರಿಯ ಪಿತಾಮಹರೆಂದು ಬಲ್ಲವರು ಅವರನ್ನು ಕರೆಯುತ್ತಾರೆ. ನಮ್ಮ ಮಟ್ಟಿಗೆ ಅವರು ನಮ್ಮ ಸೀಮೆಯ ಮಾಸ್ತರರು, ಅಷ್ಟ.

ಇವರ ಪೂರ್ಣ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ. ವರದಾ ನದಿಯು ತುಂಗಭದ್ರೆಯನ್ನು ಕೂಡುವ ಜಾಗ ಅದು. ಹೊಳೆಯ ದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿ ಇದೆ. ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡು ಅವರು ಊರಿನ ಹೆಸರನ್ನು ನಾಡಿಗೆಲ್ಲ ಮುಟ್ಟಿಸಿದರು.

ಆಗಿನ ಕಾಲ ಹೆಂಗಿತ್ತು ಅಂತ ಈಗಿನ ಹುಡುಗರಿಗೆ ಸ್ವಲ್ಪ ತಿಳಿಸಬೇಕು. ನಮ್ಮ ಸೀಮೆ ಮುಂಬಯಿ ಇಲಾಖೆಗೆ ಸೇರಿತ್ತು. ಕಚೇರಿಯಲ್ಲಿ ಮರಾಠಿ, ಸಾಲೆಯಲ್ಲಿ ಮರಾಠಿ, ಓದುಬರಹ ಬಲ್ಲವರ ಮನೆಯಲ್ಲೂ ಮರಾಠಿ ಪುಸ್ತಕ. ಡೆಪ್ಯುಟಿ ಚನ್ನಬಸಪ್ಪನವರಂಥವರು ಹೋರಾಡಿ ಕನ್ನಡ ಸಾಲೆಗಳನ್ನು ತೆರೆಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಸಾಲೆಗಳೇನೋ ಆದವು, ಆದರೆ ಸಾಲೆ ಕಲಿತ ಹುಡುಗ ಮನೆಗೆ ಬಂದು ಓದಬೇಕೆಂದರೆ ಕನ್ನಡದಲ್ಲಿ ರುಚಿಯಾದ ಕಥೆ ಪುಸ್ತಕ ಎಲ್ಲಿತ್ತು? ಆ ಕೊರತೆ ಕನ್ನಡ ಸಾಲೆಯ ಮಾಸ್ತರರಾಗಿದ್ದ ಗಳಗನಾಥರ ಮನಸ್ಸಿಗೆ ತಟ್ಟಿತು.

1898ರಲ್ಲಿ ಅವರ ಪ್ರಬುದ್ಧ ಪದ್ಮನಯನೆ ಕಾದಂಬರಿ ಬಂತು. ಮುಂದೆ ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ಇಳಿಸಿದರು. ಮರಾಠಿಯನ್ನು ಬೈಯುತ್ತ ಕೂಡ್ರಲಿಲ್ಲ. ಅಲ್ಲಿ ಒಳ್ಳೆಯದಿದ್ದರೆ ನಮ್ಮ ಭಾಷೆಯಲ್ಲೂ ಇರಲಿ ಅನ್ನುವುದು ಅವರ ಧೋರಣೆ. ವಿಜಯನಗರದ ಪತನದ ಕನ್ನಡಿಗರ ಕರ್ಮಕಥೆ ಹಾಗೆ ಬಂದದ್ದು. 1336ರಲ್ಲಿ ವಿಜಯನಗರ ಹುಟ್ಟಿದ ಕಥೆಯನ್ನು ಮಾಧವ ಕರುಣಾ ವಿಲಾಸದಲ್ಲಿ ಸ್ವಂತವಾಗಿ ಬರೆದರು. ಹಾಳು ಹಂಪಿಯನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದ ಕನ್ನಡಿಗನಿಗೆ, ನಮ್ಮವರೂ ಒಂದು ಕಾಲಕ್ಕೆ ರಾಜ್ಯ ಕಟ್ಟಿದ್ದರು ಅನ್ನುವ ಧೈರ್ಯ ಬಂತು.

1907ರಲ್ಲಿ ಹಾವೇರಿ ಹತ್ತಿರದ ಅಗಡಿಯ ಆನಂದವನದಿಂದ ಸದ್ಬೋಧ ಚಂದ್ರಿಕೆ ಎಂಬ ಮಾಸಪತ್ರಿಕೆ ಹೊರಟಿತು. ಅದನ್ನು ಬೆಳೆಸಿದವರು ಗಳಗನಾಥರು. ಕಾದಂಬರಿ ತಿಂಗಳು ತಿಂಗಳು ಕಂತಿನಲ್ಲಿ ಬರುತ್ತಿತ್ತು. ಪತ್ರಿಕೆ ನಡೆದದ್ದು ಸಣ್ಣ ಸಣ್ಣ ಚಂದಾ ಹಣದ ಮೇಲೆ. ಇದಕ್ಕೆ ಎರಡೇ ವರ್ಷ ಮೊದಲು, 1905ರಲ್ಲಿ, ಅದೇ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರು. ಅಲ್ಲಿ ಷೇರು, ಇಲ್ಲಿ ಚಂದಾ. ನೂರಾರು ಮಂದಿ ಕೈಲಾದಷ್ಟು ಕೂಡಿಸಿದರೆ ಒಬ್ಬನಿಂದ ಆಗದ ಕೆಲಸ ಆಗುತ್ತದೆ ಅನ್ನುವುದನ್ನು ನಮ್ಮ ಹಿರಿಯರು ಎರಡೂ ಕಡೆ ಮಾಡಿ ತೋರಿಸಿದರು. ಮುಂದೆ ಗಳಗನಾಥರು ಸದ್ಗುರು ಎಂಬ ಪತ್ರಿಕೆಯನ್ನೂ ನಡೆಸಿದರು.

ಪುಸ್ತಕ ಅಚ್ಚಾದರೆ ಸಾಕೇ? ಕೊಳ್ಳುವವರು ಬೇಕಲ್ಲ. ಹಳ್ಳಿಯ ಮನುಷ್ಯ ಪುಸ್ತಕಕ್ಕಾಗಿ ಧಾರವಾಡಕ್ಕೆ ಹೋಗುವನೇ? ಆದ್ದರಿಂದ ಗಳಗನಾಥರು ತಾವೇ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಸಂತೆಗೆ ಕಾಯಿಪಲ್ಲೆ ಒಯ್ಯುವವರ ಹಂಗ ಲೇಖಕರೇ ಗಂಟು ಹೊತ್ತು ಹೊರಟದ್ದನ್ನು ನೆನೆಸಿಕೊಂಡರೆ ಈಗಲೂ ನಮ್ಮ ಕಣ್ಣು ತುಂಬುತ್ತವೆ. ನಮ್ಮ ಮೆಚ್ಚುಗೆಗೆ ಮುಖ್ಯ ಕಾರಣ ಇದೇ.

ಅವರ ಬರವಣಿಗೆಯಲ್ಲಿ ಕೊರತೆ ಇಲ್ಲವೆಂದು ನಾವು ಹೇಳುವುದಿಲ್ಲ. ವಾಕ್ಯ ಉದ್ದ, ಸಂಸ್ಕೃತ ಶಬ್ದ ಬಹಳ, ನಡುನಡುವೆ ನೀತಿಬೋಧೆ. ಈಗಿನವರಿಗೆ ಮೊದಲ ಹತ್ತು ಪುಟ ಬಿರುಸು ಅನ್ನಿಸಬಹುದು. ಆದರೆ ಕಥೆ ಹಿಡಿಯಿತೆಂದರೆ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಅಜ್ಜ ಕಂದೀಲಿನ ಬೆಳಕಿನಲ್ಲಿ ಓದುತ್ತಿದ್ದರೆ ಅಕ್ಷರ ಬಾರದ ಅಜ್ಜಿ ಹತ್ತಿ ಬಿಡಿಸುತ್ತ ಕೇಳುತ್ತಿದ್ದಳಂತೆ. ಕಂದೀಲಿನ ಎಣ್ಣೆ ತೀರಿದರೆ ಮುಂದೇನಾತು ಹೇಳಿ ಮಲಗ್ರಿ ಅಂತ ಅವಳು ಹಟ ಹಿಡಿಯುತ್ತಿದ್ದಳೆಂದು ನಮ್ಮ ತಂದೆಯವರು ಹೇಳುತ್ತಿದ್ದರು.

1942ರಲ್ಲಿ ಗಳಗನಾಥರು ತೀರಿಕೊಂಡರು. ಕನ್ನಡ ನಾಡು ಒಂದಾದ 1956ನೆಯ ಇಸವಿಯನ್ನು ಅವರು ಕಾಣಲಿಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇವೆ. ಸಂಘ ಆರಂಭವಾದ ಹೊಸದರಲ್ಲಿ ನಾವೆಲ್ಲ ಕೂಡಿ ಒಂದು ಪುಸ್ತಕದ ಕಪಾಟು ಇಟ್ಟಿದ್ದೆವು. ಅಜ್ಜ ಓದಿದ ಮಾಧವ ಕರುಣಾ ವಿಲಾಸವನ್ನು ಅದಕ್ಕೆ ನಾವೇ ಕೊಟ್ಟಿದ್ದೆವು. ಕೆಲವು ವರ್ಷಗಳಿಂದ ಆ ಕಪಾಟಿನ ಮುಂದೆ ಗೊಬ್ಬರದ ಚೀಲ ಒಟ್ಟಿವೆ, ಕೀಲಿ ಯಾರ ಹತ್ತಿರ ಇದೆ ಎಂಬುದೂ ಯಾರಿಗೂ ನೆನಪಿಲ್ಲ. ಇದರಲ್ಲಿ ಒಬ್ಬರ ತಪ್ಪಿಲ್ಲ, ನಾವೂ ಕೀಲಿ ಕೇಳಲಿಲ್ಲ. ಆ ಮಾಸ್ತರರು ತಲೆಯ ಮೇಲೆ ಹೊತ್ತು ಬಾಗಿಲಿಗೆ ತಂದದ್ದನ್ನು ನಾವು ಚೀಲದ ಹಿಂದೆ ಗೆದ್ದಲಿಗೆ ಬಿಟ್ಟೆವಲ್ಲ ಎಂಬ ನಾಚಿಕೆ ಇದನ್ನು ಬರೆಯುವಾಗ ಆಯಿತು.

ಆದಕಾರಣ ಬರುವ ಮಹಾಸಭೆಯಲ್ಲಿ ನಮ್ಮದೊಂದು ಕೋರಿಕೆ. ಬೆಳ್ಳಿ ಹಬ್ಬದ ನೆನಪಿಗೆ ಆ ಕಪಾಟನ್ನು ಗೋದಾಮಿನಿಂದ ಸಂಘದ ಪಡಸಾಲೆಗೆ ತರೋಣ. ವಾರಕ್ಕೆರಡು ಸಂಜೆ ಅಲ್ಲಿ ಕುಳಿತು ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸ ನಾವು ಮಾಡುತ್ತೇವೆ, ಸಂಬಳ ಬೇಡ. ಸಾಲೆಯ ಹುಡುಗ ಹುಡುಗಿಯರನ್ನು ಕಳಿಸುವ ಕೆಲಸ ನಿಮ್ಮದು.

ಸಂಘ ಬಂಗಾರದ ಹಬ್ಬ ಕಾಣಲಿ ಎಂದು ಹಾರೈಸಿ ನಮ್ಮ ನಾಲ್ಕು ಮಾತು ಮುಗಿಸುತ್ತೇವೆ.