ಕಂಪ್ಯೂಟರ್ ಆಗಿದ್ದ ಹೆನ್ರಿಯೆಟ್ಟಾ

ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೆ, ಅದು ಒಂದು ಕಾಲದಲ್ಲಿ ಮನುಷ್ಯರ ಹುದ್ದೆಯ ಹೆಸರಾಗಿತ್ತು ಎಂದು ಗೊತ್ತಾಗಿದ್ದು ಹೆನ್ರಿಯೆಟ್ಟಾ ಸ್ವಾನ್ ಲೆವಿಟ್ ಬಗ್ಗೆ ಓದಿದಾಗ. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ನಕ್ಷತ್ರಗಳನ್ನು ಅಳೆದು ಲೆಕ್ಕ ಬರೆಯುವ ಹೆಂಗಸರನ್ನು ಹಾಗೆ ಕರೆಯುತ್ತಿದ್ದರು.

1868ರಲ್ಲಿ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದ ಹೆನ್ರಿಯೆಟ್ಟಾ, ಕಾಲೇಜು ಮುಗಿಸಿ ಮೊದಲು ಸಂಬಳವಿಲ್ಲದೆ ಅಲ್ಲಿ ದುಡಿದರು. ಕಿವಿ ಕ್ರಮೇಣ ಮಂದವಾಯಿತು. ನಡುವೆ ಬಿಟ್ಟುಹೋಗಿ ಮರಳಿ ಬಂದಾಗ ಸಿಕ್ಕ ಕೂಲಿ ಗಂಟೆಗೆ 30 ಸೆಂಟ್.

ದೂರದರ್ಶಕದ ಕೆಲಸ ಗಂಡಸರದು. ಪೆರು ದೇಶದಲ್ಲಿ ತೆಗೆದು ಕಳಿಸಿದ ಗಾಜಿನ ಫೋಟೋ ಫಲಕಗಳು ಇವರ ಪಾಲಿಗೆ. ಆಕಾಶದ ಒಂದೇ ಭಾಗದ ಬೇರೆ ಬೇರೆ ದಿನಗಳ ಚಿತ್ರಗಳನ್ನು ಒಂದರ ಮೇಲೊಂದಿಟ್ಟು, ಬೆಳಕು ಬದಲಾದ ಚುಕ್ಕಿ ಯಾವುದೆಂದು ಹುಡುಕಬೇಕು. (ನಮ್ಮ ಡಿಫ್ ಟೂಲ್ ಮಾಡುವುದೂ ಇದನ್ನೇ, ಕಣ್ಣು ನೋಯದೆ!) ಇಂಥ ವೇರಿಯಬಲ್ ನಕ್ಷತ್ರಗಳನ್ನು ಮೆಗೆಲನ್ ಮೋಡಗಳೆಂಬ ಎರಡು ನಕ್ಷತ್ರಸಮೂಹಗಳಲ್ಲಿ 1777 ಪಟ್ಟಿ ಮಾಡಿ 1908ರಲ್ಲಿ ಪ್ರಕಟಿಸಿದರು.

ಆಕಾಶದಲ್ಲಿ ದೊಡ್ಡ ತಲೆನೋವು ದೂರದ್ದು. ಮಂಕಾಗಿ ಕಾಣುವ ದೀಪ ಹತ್ತಿರದ ಜೀರೋ ಬಲ್ಬೋ, ದೂರದ ಹ್ಯಾಲೋಜನ್ನೋ ಹೇಗೆ ಹೇಳುವುದು? ಸಣ್ಣ ಮೆಗೆಲನ್ ಮೋಡದ ನಕ್ಷತ್ರಗಳೆಲ್ಲ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಹಾಗಾಗಿ ಅಲ್ಲಿ ಹೆಚ್ಚು ಹೊಳೆಯುವುದು ನಿಜಕ್ಕೂ ಹೆಚ್ಚು ಪ್ರಕಾಶದ್ದೇ. ಅಲ್ಲಿನ 25 ನಕ್ಷತ್ರಗಳನ್ನು ಹೋಲಿಸಿ 1912ರಲ್ಲಿ ಅವರು ತೋರಿಸಿದ್ದು ಇಷ್ಟು: ಪ್ರಕಾಶ ಹೆಚ್ಚಿದ್ದಷ್ಟೂ ಬೆಳಕು ಏರಿ ಇಳಿಯಲು ಹೆಚ್ಚು ದಿನ ಬೇಕು. ಅಂದರೆ ದಿನ ಎಣಿಸಿದರೆ ಬಲ್ಬಿನ ವ್ಯಾಟ್ ಸಿಕ್ಕಂತೆ. ಇಂಥ ಒಂದು ನಕ್ಷತ್ರದ ದೂರ ಬೇರೆ ವಿಧಾನದಿಂದ ತಿಳಿದುಬಿಟ್ಟರೆ, ಉಳಿದವುಗಳ ದೂರವನ್ನು ಲೆಕ್ಕ ಹಾಕಬಹುದು. ಎರಡರಷ್ಟು ದೂರ ಹೋದರೆ ಬೆಳಕು ಕಾಲುಭಾಗ.

ಆ ವರದಿಗೆ ಸಹಿ ನಿರ್ದೇಶಕ ಪಿಕರಿಂಗ್ ಅವರದು. ತಯಾರಿಸಿದ್ದು ಮಿಸ್ ಲೆವಿಟ್ ಎಂದು ಆರಂಭದಲ್ಲೇ ಬರೆದಿದ್ದಾರೆ, ಅಷ್ಟರಮಟ್ಟಿಗೆ ನ್ಯಾಯ. ಆದರೆ ಇದನ್ನೇ ಮುಂದುವರಿಸಲು ಬಿಡದೆ, ನಕ್ಷತ್ರಗಳ ಪ್ರಕಾಶಕ್ಕೆ ಅಳತೆಗೋಲು ಸಿದ್ಧಪಡಿಸುವ ಬೇರೆ ಕೆಲಸಕ್ಕೆ ಹಚ್ಚಿದರು. ನನಗೆ ಸಿಟ್ಟು ಬರುವುದು ಇಲ್ಲಿ.

1921ರ ಡಿಸೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 53 ವರ್ಷ. ಎರಡೇ ವರ್ಷದಲ್ಲಿ ಎಡ್ವಿನ್ ಹಬಲ್, ಆಂಡ್ರೊಮೀಡಾದಲ್ಲಿ ಅಂಥದ್ದೇ ನಕ್ಷತ್ರ ಕಂಡು ಲೆವಿಟ್ ಅವರ ನಿಯಮದಿಂದ ದೂರ ಅಳೆದರು. ಅದು ನಮ್ಮ ಆಕಾಶಗಂಗೆಯ ಆಚೆಗಿನ ಇನ್ನೊಂದು ಗ್ಯಾಲಕ್ಸಿ ಎಂದು ಖಚಿತವಾಯಿತು. ಇಂದಿನ ಲೆಕ್ಕದಲ್ಲಿ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಒಂದು ಜ್ಯೋತಿರ್ವರ್ಷವೆಂದರೆ ಸುಮಾರು 9.5 ಲಕ್ಷ ಕೋಟಿ ಕಿಲೋಮೀಟರ್.

1925ರಲ್ಲಿ ಸ್ವೀಡನ್ನಿನ ಗಣಿತಜ್ಞ ಮಿಟಾಗ್-ಲೆಫ್ಲರ್, ನೊಬೆಲ್‌ಗೆ ಹೆಸರು ಸೂಚಿಸುವ ಯೋಚನೆಯಲ್ಲಿ ಮಿಸ್ ಲೆವಿಟ್ ಅವರಿಗೇ ಪತ್ರ ಬರೆದರು. ಅವರು ಹೋಗಿ ಮೂರು ವರ್ಷ ಕಳೆದಿತ್ತು.